ಬಾಳೆಗುಳಿಯ ಮಾಡು

ಅಂಕೋಲೆಯ ಪೇಟೆಗೆ ಸಮೀಪದಲ್ಲಿ, ಕಡಲಂಚಿನ ಹೆದ್ದಾರಿಯೂ ಘಟ್ಟವಿಳಿದು ಬರುವ ಹುಬ್ಬಳ್ಳಿಯ ಹೆದ್ದಾರಿಯೂ ಕೂಡುವ ಸ್ಥಳಕ್ಕೆ ಬಾಳೆಗುಳಿಯೆಂದು ಹೆಸರು. ಪಂಜಾಬದ ಸಂಗರೂರಿನಿಂದ ಹೊರಟು, ಬಿಜಾಪುರ ಹುಬ್ಬಳ್ಳಿಗಳನ್ನು ಹಾಯ್ದು, ಅರಬೈಲು ಘಟ್ಟವನ್ನಿಳಿದು ಬಂದ 52ನೆಯ ರಾಷ್ಟ್ರೀಯ ಹೆದ್ದಾರಿಯು ಇಲ್ಲಿ 66ನೆಯ ಹೆದ್ದಾರಿಗೆ ತನ್ನನ್ನು ಒಪ್ಪಿಸಿ ಮುಗಿಯುತ್ತದೆ. ಕಾರವಾರದಿಂದ ಹುಬ್ಬಳ್ಳಿಗೆ ಹೋಗುವವರು ಇದನ್ನು ಹಾದೇ ಹೋಗುತ್ತಾರೆ. ಆದರೆ ಇಳಿದು ನೋಡುವವರು ವಿರಳ. ಬಹು ಜನರಿಗೆ ಬಾಳೆಗುಳಿಯೆಂದರೆ ಲಾರಿಗಳ ಸಾಲು, ಒಂದು ಲೋಟ ಚಹ, ಬಸ್ಸಿಗಾಗಿ ಕಾಯುವ ಅರ್ಧ ಗಂಟೆ, ಇಷ್ಟೇ.

ರಸ್ತೆಯ ಗದ್ದಲವನ್ನು ಬೆನ್ನಿಗೆ ಹಾಕಿ ಒಳದಾರಿ ಹಿಡಿದರೆ ಬೇರೆಯೇ ಲೋಕ. ತೆಂಗು, ಹಲಸು, ಗದ್ದೆಯ ಬದು, ಅಂಕೋಲೆಯ ಹೆಮ್ಮೆಯಾದ ಕರಿ ಇಶಾಡು ಮಾವಿನ ಒಂದೆರಡು ಹಳೆಯ ಮರ; ಅವುಗಳ ನಡುವೆ ಕೆಂಪು ಹೆಂಚಿನ ಮನೆಗಳು. ಅಂಥ ಒಂದು ಮನೆಯು ನಮ್ಮ ಸೋದರಮಾವನದು. ಬಾಲ್ಯದ ಬೇಸಿಗೆಯ ರಜೆಗಳನ್ನು ನಾವು ಕಳೆದುದು ಆ ಮನೆಯ ಜಗಲಿಯ ಮೇಲೆ. ಈ ಲೇಖನವು ಆ ಮನೆಯ ಮಾಡಿನ ವಿಷಯದಲ್ಲಿ ಹುಟ್ಟಿದ ಒಂದು ಜಗಳದ ವೃತ್ತಾಂತವೂ, ಆ ಜಗಳವನ್ನು ಬಗೆಹರಿಸಲು ಹೋಗಿ ನಾವು ಮಾಡಿದ ಒಂದು ಪ್ರವಾಸದ ವೃತ್ತಾಂತವೂ ಆಗಿದೆ. ಹಳೆಯ ಮನೆಯುಳ್ಳ ವಾಚಕರಿಗೆ ಇದರಿಂದ ಅಷ್ಟಿಷ್ಟು ಪ್ರಯೋಜನವಾದೀತೆಂದು ನಂಬಿದ್ದೇವೆ.

ಮನೆಯ ಸ್ವರೂಪವನ್ನು ಮೊದಲು ಹೇಳಬೇಕು. ಗೋಡೆಗಳು ಚಿರೆಕಲ್ಲಿನವು, ಕೆಮ್ಮಣ್ಣಿನಿಂದ ಕಟ್ಟಿ ಸುಣ್ಣ ಬಳಿದವು. ಮೇಲೆ ಮರದ ತೊಲೆ, ಪಕಾಸು, ರೀಪು; ಅವುಗಳ ಮೇಲೆ ಮಂಗಳೂರು ಹೆಂಚು. ಮಾಡು ಎತ್ತರದಿಂದ ಕಡಿದಾಗಿ ಇಳಿದು, ಪಡುವಣ ದಿಕ್ಕಿನಲ್ಲಿ ಎಷ್ಟು ತಗ್ಗಿದೆಯೆಂದರೆ, ಎತ್ತರದ ಆಳುಗಳು ತಲೆ ಬಾಗಿಸಿಯೇ ಒಳಗೆ ಬರಬೇಕು. ಮಳೆ ಬರುವುದು ಆ ಕಡೆಯಿಂದ. ಮೂಡಣಕ್ಕೆ ಉದ್ದನೆಯ ಜಗಲಿ. ಹೆಬ್ಬಾಗಿಲಿಗೆ ಬಿಜಾಗರಿಯಿಲ್ಲ, ಕದದ ಮೂಲೆಯ ಮರದ ಗೂಟವೇ ಹೊಸ್ತಿಲಿನ ಕುಳಿಯಲ್ಲಿ ತಿರುಗುತ್ತದೆ. ಜೂನ್ ತಿಂಗಳ ಮೊದಲಿಗೆ ಜಗಲಿಯ ಸುತ್ತ ಮಡಲಿನ ತಟ್ಟಿ ಕಟ್ಟುವುದು, ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ಮಾಡಿನ ಮೇಲೇರಿ ಹೆಂಚುಗಳನ್ನು ಕೈಯಾಡಿಸುವುದು, ಒಡೆದುದನ್ನು ತೆಗೆದು ಹೊಸದನ್ನು ಹೊದಿಸುವುದು, ಇವು ಆ ಮನೆಯ ವರ್ಷಾವಧಿಯ ವ್ರತಗಳು.

ಹೋದ ಸಲ ನಾವು ಹೋದಾಗ ವ್ರತಭಂಗವಾಗಿದ್ದಿತು. ಮಂಗಗಳು ಹೆಂಚು ಒಡೆದಿದ್ದವು. ಅಡಿಗೆಮನೆಯ ಮೇಲಿನ ಪಕಾಸುಗಳಿಗೆ ಗೆದ್ದಲು ಹತ್ತಿದ್ದಿತು. ನಡುಮನೆಯಲ್ಲಿ ಮೂರು ಕಡೆ ಸೋರುವಿಕೆಗೆ ಪಾತ್ರೆಗಳನ್ನಿಟ್ಟು ಅತ್ತೆಯವರು ಒಂದು ಮಳೆಗಾಲವನ್ನು ನೂಕಿದ್ದರು. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ಮಾವನ ಮಗನು ಬಂದು, ಮಾಡನ್ನು ಕೆಡವಿ ಕಾಂಕ್ರೀಟಿನ ತಾರಸಿಯನ್ನು ಹಾಕಿಸಬೇಕೆಂದು ಹಟ ಹಿಡಿದಿದ್ದನು.

“ಭಾವಾ, ನೀವೇ ಹೇಳಿ. ಹೆಂಚು ಕೈಯಾಡಿಸುವ ಆಳು ಈಗ ಎಲ್ಲಿ ಸಿಗುತ್ತಾನೆ? ಅಪ್ಪನಿಗೆ ಏಣಿ ಹತ್ತುವ ವಯಸ್ಸೇ? ಒಂದು ಸಲ ಸ್ಲ್ಯಾಬು ಹಾಕಿದರೆ ಮಂಗವೂ ಇಲ್ಲ, ಗೆದ್ದಲೂ ಇಲ್ಲ,” ಎಂದನು.

ಮಾವನವರು ಜಗಲಿಯ ಕಂಬಕ್ಕೆ ಒರಗಿ ಕುಳಿತವರು ಒಂದೇ ಮಾತು ಹೇಳಿದರು: “ತಮಾ, ಈ ಮಾಡಿನ ಕೆಳಗೆ ನಾನು ಒಂದು ದಿನವೂ ಬೆವರಿ ಎದ್ದವನಲ್ಲ. ಮಗನ ಮಾತೂ ಸುಳ್ಳಲ್ಲ. ನೀನು ನಾಲ್ಕು ಪುಸ್ತಕ ಓದಿದವನು, ನೋಡಿ ಹೇಳು.”

ಅತ್ತೆಯವರು ಏನೂ ಹೇಳಲಿಲ್ಲ. ಆದರೆ ಸೋರುವ ನೀರಿಗೆ ಇಟ್ಟಿದ್ದ ತಪ್ಪಲೆಯನ್ನು ಎತ್ತಿ, ನಮ್ಮೆದುರಿಗೇ ಅಂಗಳಕ್ಕೆ ಚೆಲ್ಲಿ ಬಂದರು. ಅದೂ ಒಂದು ಅಭಿಪ್ರಾಯವೇ ಆಗಿದ್ದಿತು.

ಅಂದು ಮಧ್ಯಾಹ್ನ ಅಂಗಳದಲ್ಲಿ ಬಿದ್ದಿದ್ದ ಒಂದು ಒಡೆದ ಹೆಂಚನ್ನು ತಿರುವಿ ನೋಡಿದೆವು. ಅದರ ಬೆನ್ನಿನ ಮೇಲೆ ಮಂಗಳೂರಿನ ಕಾರಖಾನೆಯೊಂದರ ಮುದ್ರೆ. ನಮ್ಮ ಹಿರಿಯರ ಮನೆಯೆಂದು ನಾವು ಹೆಮ್ಮೆಪಡುವ ಈ ಕೆಂಪು ಮಾಡು ಅನಾದಿಯದಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಗೃಹಸ್ಥನು ನೇತ್ರಾವತಿಯ ದಂಡೆಯ ಜೇಡಿಯನ್ನು ಪರೀಕ್ಷಿಸಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂಡುವ ಹೆಂಚನ್ನು ಮಂಗಳೂರಿನಲ್ಲಿ ಮಾಡಿಸತೊಡಗಿದನು. ಅದಕ್ಕೆ ಮುಂಚೆ ನಮ್ಮ ಕರಾವಳಿಯಲ್ಲಿ ಬಡವರಿಗೆ ಹುಲ್ಲು ಮಡಲುಗಳೂ, ಉಳ್ಳವರಿಗೆ ಕುಂಬಾರನ ನಾಡಹೆಂಚೂ ಇದ್ದವು. ಪರದೇಶದವನೊಬ್ಬನು ಬಂದು ಈ ನೆಲದ ಮಣ್ಣನ್ನೇ ಹಿಡಿದು, ಈ ನೆಲದ ಮಳೆಗೆ ತಕ್ಕ ವಸ್ತುವನ್ನು ಮಾಡಿಕೊಟ್ಟನು. ಎರಡು ತಲೆಮಾರುಗಳಲ್ಲಿ ಅದು ನಮ್ಮದೇ ಆಯಿತು. ಹಾಗಾದರೆ ಹೊಸದೆಂಬ ಕಾರಣಕ್ಕೆ ತಾರಸಿಯನ್ನು ಹಳಿಯುವುದು ನ್ಯಾಯವಲ್ಲ. ಅದು ಈ ಊರಿನ ಮಳೆ ಬಿಸಿಲುಗಳನ್ನು ಕೇಳಿಕೊಂಡು ಬಂದ ಹೊಸದೇ, ಕೇಳದೆ ಬಂದ ಹೊಸದೇ ಎಂಬುದಷ್ಟೇ ಪ್ರಶ್ನೆ.

ಆಗ ನಮಗೆ ಇನ್ನೊಬ್ಬ ಜರ್ಮನನ ನೆನಪಾಯಿತು. ಓಟೋ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿಯು 1939ರಿಂದ 1948ರ ವರೆಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದು, ಮುಂದೆ ಉಷ್ಣದೇಶಗಳಲ್ಲಿ ಮನೆ ಕಟ್ಟುವ ಶಾಸ್ತ್ರಕ್ಕೆ ಲೋಕದ ಗುರುಗಳಲ್ಲಿ ಒಬ್ಬನಾದನು. ಇತರ ಕೆಲಸಕ್ಕಾಗಿ ನಾವು ಹೇಗೂ ಬೆಂಗಳೂರಿಗೆ ಹೋಗಬೇಕಾಗಿದ್ದಿತು. ಅವನು ಕಟ್ಟಿದುದನ್ನು ಕಣ್ಣಾರೆ ನೋಡಿ, ಅವನು ಬರೆದುದನ್ನು ಓದಿ, ಆ ಮೇಲೆ ಮಾವನವರಿಗೆ ಉತ್ತರ ಕೊಡುವೆವೆಂದು ಹೇಳಿ ಹೊರಟೆವು.

ಬಾಳೆಗುಳಿಯಿಂದ ಬೆಂಗಳೂರಿಗೆ ಜನರು ಸಾಮಾನ್ಯವಾಗಿ ರಾತ್ರಿಯ ಬಸ್ಸಿನಲ್ಲಿ ಹೋಗುತ್ತಾರೆ. ನಾವು ಬೇಕೆಂದೇ ಹಗಲು ಹೊರಟೆವು. ದಾರಿಯ ಮಾಡುಗಳನ್ನು ನೋಡಬೇಕೆಂಬ ಆಸೆ. ಕಿಟಕಿಯ ಹತ್ತಿರ ಕುಳಿತು ಮನೆಗಳ ತಲೆಗಳನ್ನೇ ನೋಡುತ್ತ ಹೋದರೆ, ಆ ಸೀಮೆಯ ಮಳೆಯ ಲೆಕ್ಕವೇ ಕಣ್ಣೆದುರಿಗೆ ಬಿಚ್ಚುತ್ತದೆ. ಅರಬೈಲಿನ ತಿರುವುಗಳನ್ನು ಏರಿ ಯಲ್ಲಾಪುರವನ್ನು ಸೇರುವ ವರೆಗೆ ಮಾಡುಗಳು ಕಡಿದಾಗಿಯೇ ಇರುತ್ತವೆ. ಅಡಿಕೆಯ ತೋಟದವರ ಮನೆಗಳಿಗೆ ಸೂರು ಇನ್ನೂ ಅಗಲ, ಅಂಗಳಕ್ಕೆ ಅಟ್ಟದ ಚಪ್ಪರ. ಕಲಘಟಗಿಯ ಹತ್ತಿರ ಕಾಡು ಹರಿದು ಬಯಲು ಕಾಣಿಸಿಕೊಂಡಂತೆ ಮಾಡುಗಳ ಓರೆಯೂ ಇಳಿಯುತ್ತದೆ. ಹುಬ್ಬಳ್ಳಿಯನ್ನು ದಾಟಿ ಎರೆಯ ಹೊಲಗಳ ಸೀಮೆಯನ್ನು ಹೊಕ್ಕರೆ, ಹಳೆಯ ಹಳ್ಳಿಗಳಲ್ಲಿ ಮಣ್ಣಿನ ಸಮತಲ ಮಾಳಿಗೆಗಳು. ಅವುಗಳ ಮೇಲೆ ಮೆಣಸಿನಕಾಯಿಯನ್ನೂ ಸಂಡಿಗೆಯನ್ನೂ ಒಣಹಾಕಬಹುದು, ಬೇಸಿಗೆಯಲ್ಲಿ ಮಲಗಲೂ ಬಹುದು. ಅಲ್ಲಿಯ ದಪ್ಪ ಮಣ್ಣಿನ ಮಾಳಿಗೆಯು ಹಗಲಿನ ಉರಿಯನ್ನು ಒಳಗೆ ಬಿಡಲು ತಡಮಾಡುತ್ತದೆ. ರಾತ್ರಿ ಒಣ ಗಾಳಿ ಬೀಸಿ ಅದನ್ನು ತಣಿಸುತ್ತದೆ. ಯಾವ ಪಾಠಶಾಲೆಯಲ್ಲಿಯೂ ಕಲಿಯದ ಒಕ್ಕಲಿಗರೂ ಬಡಗಿಗಳೂ ಗವಂಡಿಗಳೂ ಒಂದೇ ಹಗಲಿನ ದಾರಿಯಲ್ಲಿ ಮೂರು ಬಗೆಯ ಉತ್ತರಗಳನ್ನು ಬರೆದಿಟ್ಟಿದ್ದಾರೆ. ಆದರೆ ಈಗ ಈ ಮೂರೂ ಸೀಮೆಗಳಲ್ಲಿ ಏಳುತ್ತಿರುವ ಹೊಸ ಮನೆಗಳು ಮಾತ್ರ ಒಂದೇ ಅಚ್ಚಿನವು.

ಬೆಂಗಳೂರಿನಲ್ಲಿ ನಾವು ಮೊದಲು ಹೋದುದು ಭಾರತೀಯ ವಿಜ್ಞಾನ ಮಂದಿರಕ್ಕೆ. ಜನರು ಅದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. 1909ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಮೈಸೂರು ಅರಸರು 371 ಎಕರೆ ನೆಲವನ್ನು ದಾನವಾಗಿ ಕೊಟ್ಟರು. ಬಾಗಿಲಿನಲ್ಲಿ ಅಪ್ಪಣೆ ಪಡೆದು ಒಳಗೆ ಹೋದರೆ ಮೊದಲು ಕಣ್ಣು ತುಂಬುವುದು ಕಲ್ಲಿನ ಗೋಪುರವುಳ್ಳ ಮುಖ್ಯ ಕಟ್ಟಡ. ನೋಡುವವರೆಲ್ಲ ಅದನ್ನೇ ನೋಡುತ್ತಾರೆ. ನಮಗೆ ಬೇಕಾದುದು ಅದಲ್ಲ. ಮರಗಳ ನೆರಳಿನಲ್ಲಿ ನಡೆದು ವಿಮಾನಶಾಸ್ತ್ರದ ವಿಭಾಗವನ್ನು ಸೇರಿದೆವು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ ಆರಂಭವಾದ ಆ ವಿಭಾಗಕ್ಕೆ ಕಟ್ಟಡವನ್ನು ರಚಿಸಿದವನು ಕೋನಿಗ್ಸ್‌ಬರ್ಗರ್. ಲೋಹವಿದ್ಯೆಯ ವಿಭಾಗವೂ, ವಿದ್ಯಾರ್ಥಿಗಳ ಊಟದ ಮನೆ ಮತ್ತು ಸಭಾಗೃಹವೂ ಅವನ ಕೃತಿಗಳೇ.

ನಾವು ಕಟ್ಟಡದೆದುರಿನ ಮರದ ಕೆಳಗೆ ನಿಂತು ಬಹಳ ಹೊತ್ತು ನೋಡಿದೆವು. ಗೋಪುರವಿಲ್ಲ, ಕಮಾನಿಲ್ಲ, ಸಿಂಹಮುಖವಿಲ್ಲ. ಉದ್ದುದ್ದನೆಯ ಅಡ್ಡಸಾಲುಗಳು, ಕಿಟಕಿಗಳ ಮೇಲೆ ಮುಂದಕ್ಕೆ ಚಾಚಿದ ತೆಳುವಾದ ಸೂರುಗಳು. ಮಧ್ಯಾಹ್ನದ ಹೊತ್ತು; ಬಿಸಿಲು ಗೋಡೆಯ ಮೇಲಿದ್ದಿತು, ಕಿಟಕಿಯ ಮೇಲೆ ಇರಲಿಲ್ಲ. ಸೂರಿನ ನೆರಳು ಕಿಟಕಿಯನ್ನು ಕಣ್ಣಿನ ಮೇಲಣ ಕೈಯಂತೆ ಮರೆಮಾಡಿ ನಿಂತಿದ್ದಿತು. ಅದನ್ನು ಕಂಡಾಗ ಮಾವನವರ ಮನೆಯ ತಗ್ಗಿದ ಪಡುವಣ ಮಾಡು ನಮ್ಮ ನೆನಪಿಗೆ ಬಂದಿತು. ಇಲ್ಲಿ ಕಾಂಕ್ರೀಟು, ಅಲ್ಲಿ ಹೆಂಚು. ಕೆಲಸ ಮಾತ್ರ ಒಂದೇ.

ಇಷ್ಟು ದೂರದ ಬರ್ಲಿನ್ನಿನವನಿಗೆ ಈ ಸೂಕ್ಷ್ಮವು ಹೇಗೆ ತಿಳಿಯಿತು? ಅವನ ಜೀವನಚರಿತ್ರೆಯು ಕೇಳತಕ್ಕದ್ದಾಗಿದೆ. ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್ ನಗರದ ಒಂದು ಯೆಹೂದಿ ಮನೆತನದಲ್ಲಿ ಹುಟ್ಟಿದನು. ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಝಿಗ್ ಮೊದಲಾದ ಗುರುಗಳ ಕೈಯಲ್ಲಿ ಕಲಿತನು. 1933ರಲ್ಲಿ ತರುಣ ವಾಸ್ತುಶಿಲ್ಪಿಗಳಿಗೆ ಬಹು ಗೌರವದ್ದಾದ ಷಿಂಕೆಲ್ ಬಹುಮಾನವು ಅವನಿಗೆ ದೊರೆಯಿತು. ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದನು. ಬಹುಮಾನವನ್ನು ಪಡೆದ ಕೈಗೆ ಸರಕಾರದ ಕೆಲಸವಿಲ್ಲವಾಯಿತು, ಯೆಹೂದಿಯೆಂಬುದೊಂದೇ ಅಪರಾಧ. ಇಪ್ಪತ್ತೈದರ ಪ್ರಾಯದಲ್ಲಿ ಅವನು ದೇಶವನ್ನು ಬಿಟ್ಟು ಈಜಿಪ್ಟಿಗೆ ಹೋಗಿ, ಲುಡ್ವಿಗ್ ಬೋರ್ಖಾರ್ಟ್ ಎಂಬ ಪುರಾತತ್ವಜ್ಞನಲ್ಲಿ ಕೆಲಸಕ್ಕೆ ನಿಂತನು. ಅಲ್ಲಿ ಅವನು ಸಿದ್ಧಪಡಿಸಿದ ಪ್ರೌಢಪ್ರಬಂಧದ ವಿಷಯವನ್ನು ಕೇಳಿದರೆ ವಾಚಕರು ನಗಬಹುದು: ಪ್ರಾಚೀನ ಈಜಿಪ್ಟಿನ ಬಾಗಿಲುಗಳನ್ನು ಹೇಗೆ ಮಾಡುತ್ತಿದ್ದರು ಎಂಬುದು. ಆ ಬಾಗಿಲುಗಳೂ ಬಿಜಾಗರಿಯಿಲ್ಲದೆ ಕುಳಿಯಲ್ಲಿ ಗೂಟವಿಟ್ಟು ತಿರುಗುವಂಥವು, ಬಾಳೆಗುಳಿಯ ಹೆಬ್ಬಾಗಿಲಿನಂತೆಯೇ. ಸ್ವಂತ ಮನೆಯ ಬಾಗಿಲು ಮುಚ್ಚಿಹೋದವನು ಸಾವಿರಾರು ವರ್ಷಗಳ ಹಿಂದಿನ ಅನ್ಯರ ಬಾಗಿಲುಗಳನ್ನು ಅಳೆಯುತ್ತ ಕುಳಿತ ಆ ದಿನಗಳನ್ನು ನೆನೆದರೆ ನಗೆ ಬರುವುದಿಲ್ಲ.

ಅವನ ಸೋದರಮಾವನು ಮ್ಯಾಕ್ಸ್ ಬಾರ್ನ್ ಎಂಬ ಪ್ರಸಿದ್ಧ ಭೌತವಿಜ್ಞಾನಿ. ಅವನೂ ಜರ್ಮನಿಯಿಂದ ಹೊರದೂಡಲ್ಪಟ್ಟವನೇ. ಸರ್ ಸಿ. ವಿ. ರಾಮನ್ನರ ಕರೆಯ ಮೇರೆಗೆ ಬಾರ್ನನು 1935–36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಈ ವಿಜ್ಞಾನ ಮಂದಿರದಲ್ಲಿದ್ದು ಹೋದನು. ಹೀಗೆ ಸೋದರಮಾವನು ಮೊದಲು ನಡೆದ ದಾರಿಯಲ್ಲಿಯೇ ಸೋದರಳಿಯನು 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದನು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಊರುಗಳನ್ನು ಅಂದಗೊಳಿಸುವುದರಲ್ಲಿ ಅವರಿಗಿದ್ದ ಆಸ್ಥೆಯನ್ನು ಬೆಂಗಳೂರು ಮೈಸೂರುಗಳ ಜನರು ಇನ್ನೂ ಮರೆತಿಲ್ಲ. ದಿವಾನರಿಗೆ ಗೋಪುರ, ಕಮಾನು, ಅಲಂಕಾರಗಳ ಮೇಲೆ ಒಲವು. ಹೊಸ ವಾಸ್ತುಶಿಲ್ಪಿಗೆ ಸರಳತೆಯ ಮೇಲೆ ಶ್ರದ್ಧೆ. ಇಬ್ಬರ ನಡುವೆ ಸಾಗಿದ ಕೊಡುಕೊಳ್ಳುವಿಕೆಯ ಫಲವಾಗಿ ಅವನ ಮೊದಮೊದಲ ಕಟ್ಟಡಗಳಲ್ಲಿ ಎರಡರ ಛಾಯೆಯೂ ಕೂಡಿ ಬಂದಿತು. ಮಾರನೆಯ ದಿನ ನಾವು ಬಸವನಗುಡಿಯ ಕೃಷ್ಣರಾವ್ ಉದ್ಯಾನಕ್ಕೆ ಹೋಗಿ ಅವನು ರಚಿಸಿದ ಮಂಟಪವನ್ನೂ ನೋಡಿ ಬಂದೆವು. ಸಂಜೆಯ ತಂಗಾಳಿಗೆ ಬಂದ ವೃದ್ಧರು ಸುತ್ತಮುತ್ತ ಕುಳಿತು ಮೊಮ್ಮಕ್ಕಳ ವಿಷಯ ಮಾತಾಡುತ್ತಿದ್ದರು. ಕಟ್ಟಿದವನ ಹೆಸರನ್ನು ಒಬ್ಬಿಬ್ಬರನ್ನು ಕೇಳಿದೆವು, ಯಾರಿಗೂ ತಿಳಿಯದು. ಕುಳಿತುಕೊಳ್ಳಲು ನೆರಳಿದೆ, ಅಷ್ಟು ಸಾಕೆಂಬಂತೆ ಅವರು ಮಾತು ಮುಂದುವರಿಸಿದರು.

ಅವನ ಮುಂದಿನ ಜೀವನವನ್ನು ಸಂಕ್ಷೇಪವಾಗಿ ಹೇಳುವೆವು. ಮೈಸೂರಿನಲ್ಲಿದ್ದಾಗಲೇ ಅವನು ಟಾಟಾರವರ ಜಮಶೇಡ್‌ಪುರಕ್ಕೆ ನಗರಯೋಜನೆಯನ್ನು ಹಾಕಿಕೊಟ್ಟನು. 1948ರಲ್ಲಿ ಒರಿಸ್ಸಾ ಪ್ರಾಂತದ ಹೊಸ ರಾಜಧಾನಿಯಾದ ಭುವನೇಶ್ವರದ ನಕ್ಷೆಯನ್ನು ರಚಿಸಿದನು; ಶಾಲೆಯೂ ಅಂಗಡಿಯೂ ಮಕ್ಕಳು ನಡೆದುಹೋಗುವಷ್ಟು ಹತ್ತಿರದಲ್ಲಿರಬೇಕೆಂಬುದು ಅದರ ಸೂತ್ರ. ಅದೇ ವರ್ಷ ಭಾರತ ಸರಕಾರದ ವಸತಿ ನಿರ್ದೇಶಕನಾಗಿ ದಿಲ್ಲಿಗೆ ಹೋದನು. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡ ಲಕ್ಷಾಂತರ ಜನರಿಗೆ ಸೂರು ಒದಗಿಸಬೇಕಾಗಿದ್ದ ಕಾಲ. ನಿರಾಶ್ರಿತನಾಗಿ ಬಂದವನೇ ನಿರಾಶ್ರಿತರಿಗೆ ಮನೆ ಕಟ್ಟುವ ಹೊಣೆಯನ್ನು ಹೊತ್ತನು.

ಇಲ್ಲಿಯೇ ಅವನು ಎಡವಿದನು. ಕಾರಖಾನೆಯಲ್ಲಿ ಗೋಡೆಯ ಹಲಗೆಗಳನ್ನು ಎರಕಹೊಯ್ದು ತಂದು ಜೋಡಿಸಿದರೆ ಮನೆಗಳು ಬೇಗ ಏಳುವುವೆಂದು ದಿಲ್ಲಿಯಲ್ಲಿ ಸರಕಾರವು ಒಂದು ಕಾರಖಾನೆಯನ್ನು ತೆರೆಯಿತು. ಕೋನಿಗ್ಸ್‌ಬರ್ಗರನು ಅದಕ್ಕೆ ಬೆನ್ನೆಲುಬಾಗಿದ್ದನು. ಹಲಗೆಗಳು ಬಿರುಕುಬಿಟ್ಟವು, ಟೀಕೆಗಳು ಎದ್ದವು, ಯೋಜನೆ ಕೈಗೂಡಲಿಲ್ಲ. 1951ರಲ್ಲಿ ಅವನು ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದನು. ಅವನ ಚರಿತ್ರೆಯಲ್ಲಿ ನಮಗೆ ಅತ್ಯಂತ ಬೋಧಪ್ರದವಾಗಿ ತೋರಿದ ಭಾಗವಿದು. ಬಿಸಿಲು ಗಾಳಿಗಳನ್ನು ಅಷ್ಟು ಬಲ್ಲವನೂ ಹೊಸ ಯಂತ್ರದ ಭರವಸೆಗೆ ಮನಸೋತು ಮೋಸಹೋಗಬಹುದು. ಆದರೆ ಅವನು ಅಲ್ಲಿಗೆ ಕೈಚೆಲ್ಲಿ ಕೂಡಲಿಲ್ಲ.

1954ರಲ್ಲಿ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಶನ್ ಶಾಲೆಯಲ್ಲಿ ಉಷ್ಣದೇಶಗಳ ವಾಸ್ತುವಿದ್ಯೆಗಾಗಿ ಪ್ರತ್ಯೇಕ ವಿಭಾಗವು ಆರಂಭವಾಯಿತು. ಕೆಲವು ವರ್ಷಗಳ ತರುವಾಯ ಅವನೇ ಅದರ ಮುಖ್ಯಸ್ಥನಾದನು. 1971ರಲ್ಲಿ ಅದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ವರ್ಗವಾಯಿತು. ಏಶಿಯ, ಆಫ್ರಿಕಗಳ ತರುಣರು ಅಲ್ಲಿಗೆ ಹೋಗಿ, ತಮ್ಮ ತಮ್ಮ ಊರಿನ ಬಿಸಿಲು ಮಳೆಗಳಿಗೆ ತಕ್ಕಂತೆ ಕಟ್ಟುವುದನ್ನು ಕಲಿತು ಹಿಂದಿರುಗಿದರು. ಸಂಯುಕ್ತ ರಾಷ್ಟ್ರಸಂಘದ ಪರವಾಗಿ ಅವನು ದೇಶದೇಶಗಳಿಗೆ ಹೋಗಿಬಂದನು. 1963ರಲ್ಲಿ ಸಿಂಗಪುರದ ಯೋಜನೆಗೆ ಸಲಹೆ ಕೊಟ್ಟವರಲ್ಲಿ ಅವನೊಬ್ಬನು. 1950ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಈಗಿನ ಘಾನಾಕ್ಕೆ, ಹೋದ ತಜ್ಞರ ಮಂಡಲಿಯಲ್ಲಿಯೂ ಅವನಿದ್ದನು. ಆ ಮಂಡಲಿಯು ಕೊಟ್ಟ ಸಲಹೆಯೊಂದು ಗೃಹಸ್ಥರೆಲ್ಲರೂ ನೆನಪಿಡತಕ್ಕದ್ದು. ಹಳ್ಳಿಗರಿಗೆ ಸರಕಾರವು ಇಡೀ ಮನೆಯನ್ನು ಕಟ್ಟಿಕೊಡಬೇಕಾಗಿಲ್ಲ; ಗೋಡೆಗಳನ್ನು ಅವರು ತಮ್ಮ ನೆಲದ ಮಣ್ಣಿನಿಂದ ತಾವೇ ಎಬ್ಬಿಸಿಕೊಳ್ಳಬಲ್ಲರು; ಕೈಯಲ್ಲಿ ಹಣವಿಲ್ಲದೆ ಆಗದ ಭಾಗವೆಂದರೆ ಮಾಡು; ಆದುದರಿಂದ ಮಾಡಿಗೆ ಮಾತ್ರ ಸಾಲ ಕೊಡಿರಿ ಎಂಬುದೇ ಆ ಸಲಹೆ. ಕಾರಖಾನೆಯಿಂದ ಇಡೀ ಮನೆಯನ್ನು ಹೊರತರಲು ಹೊರಟಿದ್ದವನು, ಕೆಲವೇ ವರ್ಷಗಳಲ್ಲಿ, ಜನರ ಕೈಯಲ್ಲಿ ಆಗುವುದನ್ನು ಜನರಿಗೇ ಬಿಡಿರೆಂಬ ಮಾತಿಗೆ ದನಿಗೂಡಿಸಿದನು.

ಅವನೂ ಅವನ ಸಹೋದ್ಯೋಗಿಗಳೂ ಸೇರಿ ಮಾಡಿದ ಇನ್ನೊಂದು ಉಪಕಾರವುಂಟು. ಒಂದು ಊರಿನ ಹನ್ನೆರಡು ತಿಂಗಳ ಸೆಕೆ, ಗಾಳಿಯ ತೇವ, ಮಳೆ ಇವುಗಳನ್ನು ಸಾಲಾಗಿ ಬರೆದು, ಮನೆಯು ಯಾವ ದಿಕ್ಕಿಗಿರಬೇಕು, ಕಿಟಕಿ ಎಷ್ಟಿರಬೇಕು, ಗೋಡೆ ಮಾಡುಗಳು ಭಾರವೋ ಹಗುರವೋ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ತಿಳಿಯುವ ಕೋಷ್ಟಕಗಳು. ಕಾರ್ಲ್ ಮಹೋನಿ ಎಂಬ ಸಹೋದ್ಯೋಗಿಯ ಹೆಸರಿನಿಂದ ಅವು ಪ್ರಸಿದ್ಧವಾಗಿವೆ. ಬೆಂಗಳೂರಿನ ನಮ್ಮ ಬಿಡಾರದಲ್ಲಿ ಒಂದು ರಾತ್ರಿ ಕುಳಿತು, ಕಾರವಾರದ ಹವೆಯ ಲೆಕ್ಕಗಳನ್ನಿಟ್ಟುಕೊಂಡು ಬಾಳೆಗುಳಿಯ ಜಾತಕವನ್ನು ಬರೆದೆವು.

ಅದರಿಂದ ಹೊರಟ ಫಲವಿದು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 900ರಿಂದ 1000 ಮಿಲಿಮೀಟರು ಮಳೆ. ನಮ್ಮ ಕರಾವಳಿಯಲ್ಲಿ ಅದರ ಮೂರು ಪಟ್ಟು. ತಿಂಗಳಿಗೆ 200 ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದರೆ ವಿಶೇಷ ರಕ್ಷಣೆ ಬೇಕೆನ್ನುತ್ತದೆ ಕೋಷ್ಟಕ. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳೂ ನಮ್ಮಲ್ಲಿ ಆ ಮಿತಿಯನ್ನು ಎಷ್ಟೋ ಮೀರುತ್ತವೆ. ಹಗಲಿನ ಸೆಕೆಗೂ ರಾತ್ರಿಯ ತಂಪಿಗೂ ಹತ್ತು ಡಿಗ್ರಿಗಿಂತ ಹೆಚ್ಚಿನ ಅಂತರವಿದ್ದಲ್ಲಿ ದಪ್ಪನೆಯ ಮಾಳಿಗೆ ಹಿತ. ಮೇ ತಿಂಗಳಿನಲ್ಲಿಯೂ ಮಳೆಗಾಲದಲ್ಲಿಯೂ ನಮ್ಮಲ್ಲಿ ಆ ಅಂತರವಿಲ್ಲ. ರಾತ್ರಿಯೂ ತಣಿಯದ ಹವೆಯಲ್ಲಿ ಭಾರವಾದ ತಾರಸಿಯು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಮಲಗಿದವರ ಮೇಲೆ ಕಕ್ಕುತ್ತದೆ. ಇಂಥ ಸೀಮೆಗೆ ಬೇಕಾದುದು ಹಗುರವಾದ ಮಾಡು, ಅಗಲವಾದ ಸೂರು, ಎದುರುಬದುರಿನ ಕಿಟಕಿ, ಗಾಳಿಗೆ ತೆರೆದ ಜಗಲಿ. ಲೆಕ್ಕವನ್ನು ಮುಗಿಸಿ ನೋಡಿದರೆ, ಕಾಗದದ ಮೇಲೆ ಮೂಡಿದ್ದುದು ಮಾವನವರ ಮನೆಯೇ! ಆ ಲಂಡನ್ನಿನ ಶಾಸ್ತ್ರವೂ ಅಂಕೋಲೆಯ ಬಡಗಿಯ ಕೈಯೂ ಒಂದೇ ಉತ್ತರಕ್ಕೆ ಬಂದು ನಿಂತಿದ್ದವು.

ಆದರೂ ಗೆದ್ದಲು ಗೆದ್ದಲೇ, ಮಂಗ ಮಂಗವೇ. ಲೆಕ್ಕದ ಕಾಗದವನ್ನು ತೋರಿಸಿದ ಮಾತ್ರಕ್ಕೆ ಸೋರುವಿಕೆ ನಿಲ್ಲುವುದಿಲ್ಲ. ಹಿಂದಿರುಗಿ ಬಾಳೆಗುಳಿಯಲ್ಲಿ ನಾವು ಎಲ್ಲರನ್ನೂ ಕೂಡಿಸಿ, ಮೇಸ್ತ್ರಿಯನ್ನೂ ಕರೆಸಿದೆವು. ಮೇಸ್ತ್ರಿಯು ಗೋಡೆಯನ್ನು ಕೆರೆದು ನೋಡಿ, “ಇದು ಮಣ್ಣಿನ ಕಟ್ಟು. ತಾರಸಿಯ ಭಾರ ತಡೆಯದು, ಮೂಲೆಮೂಲೆಗೂ ಹೊಸ ಕಂಬ ಎಬ್ಬಿಸಬೇಕು,” ಎಂದನು. ತಾರಸಿ ಹಾಕಿಸಿದ ನೆರೆಹೊರೆಯವರ ಕಡೆಗೆ ನಾವು ಮಾವನ ಮಗನ ದೃಷ್ಟಿಯನ್ನು ತಿರುಗಿಸಿದೆವು. ಹಲವರು ಐದಾರು ಮಳೆಗಾಲಗಳ ತರುವಾಯ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡಿನ ಮಾಡನ್ನು ಹೊದಿಸಿದ್ದಾರೆ. ಒಂದು ಮನೆಗೆ ಎರಡು ಮಾಡು, ಎರಡರ ಖರ್ಚು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಪ್ಪ ಏಣಿ ಹತ್ತುವುದು ತಪ್ಪುವುದು ಹೇಗೆ, ಅದನ್ನು ಹೇಳಿ ಭಾವಾ,” ಎಂದನು. ಆ ಪ್ರಶ್ನೆಯು ನ್ಯಾಯವಾದುದು. ಅವನ ಹಟದೊಳಗೆ ಇದ್ದುದು ತಂದೆಯ ಮೇಲಿನ ಕಾಳಜಿಯೇ ಎಂಬುದು ನಮಗೆ ಆಗ ಸ್ಪಷ್ಟವಾಯಿತು.

ಕೊನೆಗೆ ಆದ ತೀರ್ಮಾನ ಹೀಗಿದೆ. ಗೆದ್ದಲು ಹಿಡಿದ ಪಕಾಸು ರೀಪುಗಳನ್ನು ತೆಗೆದು ಅವುಗಳ ಜಾಗದಲ್ಲಿ ಬಣ್ಣ ಬಳಿದ ಕಬ್ಬಿಣದ ಕೊಳವೆಗಳು. ಅವುಗಳ ಮೇಲೆ ಹಳೆಯ ಹೆಂಚಿನಲ್ಲಿ ಗಟ್ಟಿಯಾದುದನ್ನು ಆರಿಸಿ ಮರಳಿ ಹೊದಿಸುವುದು, ಕೊರತೆಗೆ ಹೊಸದನ್ನು ಕೊಳ್ಳುವುದು. ಮಂಗಗಳು ಹಾರಿ ಬರುವ ಹಲಸಿನ ಕೊಂಬೆಯನ್ನು ಕಡಿಸುವುದು. ಬಚ್ಚಲಿನ ಮೇಲೆ ಮಾತ್ರ ಸಣ್ಣದೊಂದು ತಾರಸಿ. ನೀರಿನ ತೊಟ್ಟಿಗೆ ಅದು ಅವಶ್ಯ. ಮೇ ತಿಂಗಳ ಹೆಂಚಿನ ಕೆಲಸಕ್ಕೆ ಆಳನ್ನು ಗೊತ್ತುಮಾಡಿ, ರಜೆ ಹಾಕಿ ಬಂದು ಎದುರಿಗೆ ನಿಂತು ಮಾಡಿಸುವ ಹೊಣೆ ಮಗನದು. ಮಾವನವರು ಏಣಿಯನ್ನು ಮುಟ್ಟಬಾರದು. ಇದಕ್ಕೆ ಮಾವನವರನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಘಾನಾದ ಮಾಡಿನ ಸಾಲದ ಕಥೆಯನ್ನು ನಾವು ಹೇಳಿದಾಗ ಮಾವನವರು ನಕ್ಕು, “ಆ ಪುಣ್ಯಾತ್ಮ ನಮ್ಮೂರಿಗೂ ಒಮ್ಮೆ ಬರಬೇಕಾಗಿತ್ತು,” ಎಂದರು. ಅವನು 1999ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಸ್ವದೇಶದಿಂದ ಹೊರದೂಡಲ್ಪಟ್ಟು, ಬಂದ ದೇಶದಲ್ಲಿ ಒಂದು ಸಲ ಸೋತು, ಮೂರನೆಯ ದೇಶದಲ್ಲಿ ನೆಲೆನಿಂತವನ ಹೆಸರು ನಮ್ಮ ನಾಡಿನಲ್ಲಿ ಎಷ್ಟು ಜನರಿಗೆ ಗೊತ್ತು? ಆದರೆ ಮನೆ ಕಟ್ಟುವ ಮುಂಚೆ ಆ ನೆಲದ ಬಿಸಿಲನ್ನೂ ಗಾಳಿಯನ್ನೂ ಮಳೆಯನ್ನೂ ಕೇಳಬೇಕೆಂದು ಅವನು ಕಲಿಸಿದ ಮಾತು ನಮ್ಮ ಹಿರಿಯರ ಮಾತೇ ಆಗಿರುವುದರಿಂದ, ಅವನನ್ನು ಅನ್ಯನೆಂದು ತಿಳಿಯಲು ನಮಗೆ ಮನಸ್ಸು ಬರುವುದಿಲ್ಲ. ಮಂಗಳೂರು ಹೆಂಚನ್ನು ನಾವು ಅನ್ಯವೆಂದು ತಿಳಿಯುವೆವೇ?

ಜೂನ್ ತಿಂಗಳಲ್ಲಿ ನಾವು ಮತ್ತೆ ಬಾಳೆಗುಳಿಗೆ ಹೋದೆವು. ಬಸ್ಸಿನಿಂದ ಇಳಿಯುವುದರೊಳಗಾಗಿ ಪಡುವಣದಿಂದ ಮಳೆ ಕವಿದು ಬಂದಿತು. ಹೆದ್ದಾರಿಯ ಲಾರಿಗಳ ದೀಪಗಳೂ ಕಾಣದಂಥ ಮಳೆ. ತೊಯ್ದುಕೊಂಡೇ ಜಗಲಿಯನ್ನು ಸೇರಿದೆವು. ಮಾವನವರು ಎಂದಿನ ಕಂಬಕ್ಕೆ ಒರಗಿದ್ದರು. ಸೂರಿನಿಂದ ನೀರು ಒಂದೇ ಸಮನೆ ಅಂಗಳಕ್ಕೆ ಧುಮುಕುತ್ತಿದ್ದಿತು. ಅತ್ತೆಯವರು ಒಳಗಿನಿಂದ ಬೆಲ್ಲವನ್ನೂ ನೀರನ್ನೂ ತಂದಿಟ್ಟು, ನಡುಮನೆಯ ಕಡೆಗೆ ಕೈತೋರಿಸಿದರು. ಬಗ್ಗಿ ನೋಡಿದೆವು. ನೆಲ ಒಣಗಿದ್ದಿತು. ಸೋರುವಿಕೆಗೆ ಇಡುತ್ತಿದ್ದ ಆ ತಪ್ಪಲೆಯು ಒಲೆಯ ಮೇಲಿದ್ದು, ಅದರಲ್ಲಿ ಗಂಜಿ ಬೇಯುತ್ತಿದ್ದಿತು.